ಮೊಬೈಲ್ ಇದೆ, ಸ್ಟ್ಯಾಂಡ್ ತಗೊಳ್ಳಿ: ಚಳ್ಳಕೆರೆ ಕತ್ತಲಲ್ಲಿ ಹಾಲುಹಾದಿ ಫೋಟೊ ತೆಗೆಯೋದು ಹೇಗೆ?

ಚಳ್ಳಕೆರೆ: ರಾತ್ರಿ ಕರೆಂಟ್ ಹೋದಾಗ ಮಹಡಿ ಮೇಲೆ ನಿಂತು ತಲೆ ಎತ್ತಿ ನೋಡಿದವರಿಗೆ ಗೊತ್ತು, ಊರ ಮೇಲೆ ಎಷ್ಟು ನಕ್ಷತ್ರ ಇವೆ ಅಂತ. ಕರೆಂಟ್ ಬಂದ ಕೂಡಲೇ ಬಹುಪಾಲು ಮಾಯ. ಆ ಆಕಾಶದ ಫೋಟೊ ತೆಗೆಯಬೇಕು ಅಂದ್ರೆ ಲಕ್ಷ ರೂಪಾಯಿ ಕ್ಯಾಮೆರಾ, ದೊಡ್ಡ ಟೆಲಿಸ್ಕೋಪ್ ಬೇಕು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಶುರು ಮಾಡೋಕೆ ಅದ್ಯಾವುದೂ ಬೇಡ. ಜೇಬಲ್ಲಿರುವ ಮೊಬೈಲ್, ಅಲುಗಾಡದ ಒಂದು ಸ್ಟ್ಯಾಂಡ್, ಆಮೇಲೆ ಕತ್ತಲು. ಮೊದಲೆರಡು ಅಂಗಡಿಯಲ್ಲಿ ಸಿಗುತ್ತವೆ. ಮೂರನೆಯದಕ್ಕೆ ಬೆಂಗಳೂರಿನವರು ನೂರಾರು ಕಿಲೋಮೀಟರ್ ಕಾರು ಓಡಿಸಬೇಕು. ಇಲ್ಲಿ ಪೇಟೆಯಿಂದ ಬೈಕಲ್ಲಿ ಅರ್ಧ ಗಂಟೆ ಹೋದರೆ ಸಾಕು. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಶೇಂಗಾ ಬೆಳೆಗಾರರಿಗೆ ಅದು ಸಂಕಟ, ನಕ್ಷತ್ರ ನೋಡುವವರಿಗೆ ಮಾತ್ರ ಲಾಭ.

ಬಕೆಟ್ ಲೆಕ್ಕ

ನಮ್ಮ ಕಣ್ಣು ಬೆಳಕನ್ನು ಕೂಡಿಡಲ್ಲ. ಕ್ಯಾಮೆರಾ ಕೂಡಿಡುತ್ತೆ. ಸೂರಿನಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ ಇಟ್ಟ ಹಾಗೆ, ಎಷ್ಟು ಹೊತ್ತು ಇಟ್ಟರೆ ಅಷ್ಟು ತುಂಬುತ್ತೆ. ಹಗಲಲ್ಲಿ ಫೋಟೊ ತೆಗೆಯುವಾಗ ಮೊಬೈಲ್ ಕಣ್ಣು ತೆರೆಯೋದು ಸೆಕೆಂಡಿನ ನೂರರಲ್ಲೊಂದು ಭಾಗ. ನಕ್ಷತ್ರಕ್ಕೆ 10-15 ಸೆಕೆಂಡ್ ತೆರೆದಿಡಬೇಕು. ಅಷ್ಟು ಹೊತ್ತು ಕೈಯಲ್ಲಿ ಹಿಡಿದರೆ ಚುಕ್ಕಿ ಹೋಗಿ ಹುಳ ಹರಿದಂತೆ ಗೀಟು ಬರುತ್ತೆ. ಸ್ಟ್ಯಾಂಡ್ ಬೇಕಿರೋದು ಅದಕ್ಕೇ. ರೀಲ್ಸ್ ಮಾಡುವವರು ಬಳಸುವ 500 ರೂಪಾಯಿ ಆಸುಪಾಸಿನ ಸ್ಟ್ಯಾಂಡೇ ಆಗುತ್ತೆ. ಗಾಳಿಗೆ ಅಲುಗಾಡದ ಹಾಗೆ ಅದರ ನಡುವೆ ನೀರಿನ ಬಾಟಲಿ ನೇತುಹಾಕಿ. ಸ್ಟ್ಯಾಂಡೂ ಇಲ್ಲವಾದರೆ ಮರಳು ತುಂಬಿದ ಚೀಲದ ಮೇಲೆ ಮೊಬೈಲ್ ಒರಗಿಸಿದರೂ ನಡೆಯುತ್ತೆ.

ಹಾಗಂತ ಗಂಟೆಗಟ್ಟಲೆ ತೆರೆದಿಡೋ ಹಾಗೂ ಇಲ್ಲ. ಭೂಮಿ ತಿರುಗೋದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಅಂದರೆ ಎರಡೇ ನಿಮಿಷದಲ್ಲಿ ಒಂದು ಚಂದ್ರನ ಅಗಲದಷ್ಟು. ಎಷ್ಟು ಸೆಕೆಂಡ್ ಸುರಕ್ಷಿತ ಅಂತ ತಿಳಿಯೋಕೆ ಛಾಯಾಗ್ರಾಹಕರು ಒಂದು ಸುಲಭ ಲೆಕ್ಕ ಇಟ್ಟುಕೊಂಡಿದ್ದಾರೆ: 500ನ್ನು ಲೆನ್ಸಿನ ಎಂಎಂ ಸಂಖ್ಯೆಯಿಂದ ಭಾಗಿಸಿ. ಮೊಬೈಲಿನ ಮುಖ್ಯ ಕ್ಯಾಮೆರಾ ದೊಡ್ಡ ಕ್ಯಾಮೆರಾದ ಲೆಕ್ಕದಲ್ಲಿ ಸುಮಾರು 25 ಎಂಎಂ. ಭಾಗಿಸಿದರೆ 20 ಸೆಕೆಂಡ್ ಬರುತ್ತೆ, 15ಕ್ಕೆ ನಿಲ್ಲಿಸೋದು ಒಳ್ಳೇದು.

ಕ್ಯಾಮೆರಾದಲ್ಲಿ ‘ಪ್ರೊ’ ಮೋಡ್ ತೆರೆಯಿರಿ. ಶಟರ್ 15 ಸೆಕೆಂಡ್, ಐಎಸ್‌ಒ 1600. ಫೋಕಸ್ ಅನ್ನು ಆಟೊದಿಂದ ತೆಗೆದು ಬೆಟ್ಟದ ಚಿತ್ರ ಇರುವ ಕೊನೆಗೆ ತಳ್ಳಿ. ಫ್ಲ್ಯಾಶ್ ಆಫ್. ಬೆರಳು ತಾಗಿದಾಗಿನ ಅದುರು ಬರದಂತೆ 3 ಸೆಕೆಂಡ್ ಟೈಮರ್ ಹಾಕಿ. ತೆಗೆದ ಮೇಲೆ ಫೋಟೊ ದೊಡ್ಡದು ಮಾಡಿ ನೋಡಿ. ಚುಕ್ಕಿ ಚುಕ್ಕಿಯಾಗೇ ಇದ್ದರೆ ಸರಿ, ಉಬ್ಬಿದ ಬುರುಗಿನಂತೆ ಕಂಡರೆ ಫೋಕಸ್ ತಪ್ಪಿದೆ, ಅಕ್ಕಿಕಾಳಿನಂತೆ ಉದ್ದವಾದರೆ ಸೆಕೆಂಡ್ ಕಡಿಮೆ ಮಾಡಿ.

ಕಡಿಮೆ ಬೆಲೆಯ ಕೆಲವು ಫೋನ್‌ಗಳಲ್ಲಿ ಶಟರ್ ಅಷ್ಟು ಹೊತ್ತು ತೆರೆಯೋದೇ ಇಲ್ಲ. ಹೊಸ ಫೋನ್ ಕೊಳ್ಳುವವರು ಅಂಗಡಿಯಲ್ಲೇ ಪ್ರೊ ಮೋಡ್ ತೆರೆದು ಶಟರ್ ಎಷ್ಟು ಸೆಕೆಂಡಿನವರೆಗೆ ಹೋಗುತ್ತೆ ನೋಡಿಕೊಳ್ಳಿ. ಬಾಕ್ಸ್ ಮೇಲೆ ದಪ್ಪಕ್ಷರದಲ್ಲಿ ಬರೆದ ಮೆಗಾಪಿಕ್ಸೆಲ್‌ಗಿಂತ ಈ ಕೆಲಸಕ್ಕೆ ಅದೇ ಮುಖ್ಯ. ಗೂಗಲ್ ಪಿಕ್ಸೆಲ್‌ನಂಥ ಫೋನ್‌ಗಳಲ್ಲಿ ನಕ್ಷತ್ರಕ್ಕೆಂದೇ ಮೋಡ್ ಇದೆ, ಸ್ಟ್ಯಾಂಡ್ ಮೇಲಿಟ್ಟರೆ ನಾಲ್ಕು ನಿಮಿಷ ತಾನೇ ಬೆಳಕು ಕೂಡಿಸಿಕೊಳ್ಳುತ್ತೆ.

ಕ್ಯಾಲೆಂಡರ್ ನೋಡಿ ಹೊರಡಿ

ಚಂದ್ರನಿದ್ದರೆ ಹಾಲುಹಾದಿ ಕಾಣಲ್ಲ. ಅಮಾವಾಸ್ಯೆಯ ಹಿಂದೆ ಮುಂದೆ ನಾಲ್ಕೈದು ದಿನವೇ ಈ ಕೆಲಸದ ಸೀಸನ್. ಅಮಾವಾಸ್ಯೆ ರಾತ್ರಿ ಹೊರಗೆ ಹೋಗಬೇಡ ಅನ್ನುವ ಅಜ್ಜಿಯರನ್ನು ಒಪ್ಪಿಸೋದು ಮಾತ್ರ ಅವರವರ ಜಾಣ್ಮೆಗೆ ಬಿಟ್ಟದ್ದು.

ಹಾಲುಹಾದಿಯ ದಟ್ಟ ಭಾಗ ಇರೋದು ವೃಶ್ಚಿಕದ ಬಾಲದ ಪಕ್ಕ, ಧನುಸ್ಸಿನ ಕಡೆ. ಕೆಂಪಗೆ ಹೊಳೆಯುವ ಜ್ಯೇಷ್ಠಾ ಸಿಕ್ಕರೆ ಚೇಳಿನ ಕೊಂಡಿ ಹಿಡಿದು ಕೆಳಗೆ ಬನ್ನಿ, ಅಲ್ಲೇ ಮೂಲಾ, ಅದರ ಆಚೆ ಹೊಗೆ ಹರಡಿದಂತೆ ಕಾಣೋದೇ ಅದು. ಮಾರ್ಚ್‌ನಲ್ಲಿ ಬೆಳಗಿನ ಜಾವ 4 ಗಂಟೆ ಹೊತ್ತಿಗೆ ಅದು ಎದ್ದಿರುತ್ತೆ. ಏಪ್ರಿಲ್‌ನಲ್ಲಿ ರಾತ್ರಿ 2ರ ಮೇಲೆ, ಮೇ ತಿಂಗಳಲ್ಲಿ 11ಕ್ಕೇ ಚೆನ್ನಾಗಿ ಕಾಣುತ್ತೆ. ಆಮೇಲೆ ಮೋಡದ ಕಾಟ. ಮತ್ತೆ ಅಕ್ಟೋಬರ್‌ನಲ್ಲಿ ಸಂಜೆ ಏಳೂವರೆಗೆ ನೈಋತ್ಯದಲ್ಲಿ ಸ್ವಲ್ಪ ಹೊತ್ತು ಸಿಗುತ್ತೆ. ಅಂಗಡಿ ಬಾಗಿಲು ಹಾಕುವ ಮೊದಲೇ ಅದು ಇಳಿಯಲು ಶುರು ಮಾಡುತ್ತೆ, ಹಾಗಾಗಿ ವ್ಯಾಪಾರಸ್ಥರಿಗೆ ಮೇ ತಿಂಗಳೇ ಅನುಕೂಲ.

ಮಳೆ ನಕ್ಷತ್ರದ ಹೆಸರು ಬಾಯಿಪಾಠ ಇರುವ ರೈತರಿಗೆ ಇಲ್ಲೊಂದು ಸ್ವಾರಸ್ಯ ಇದೆ. ರೋಹಿಣಿ ಮಳೆ ಅನ್ನೋದು ಮೇ ಕೊನೆಯಲ್ಲಿ. ಆಗ ಸೂರ್ಯನೇ ರೋಹಿಣಿ ನಕ್ಷತ್ರದ ಕಡೆ ಇರೋದರಿಂದ ಆ ನಕ್ಷತ್ರ ರಾತ್ರಿ ಕಾಣಲ್ಲ. ಅದೇ ರೋಹಿಣಿಯನ್ನು ನೋಡಬೇಕಾದರೆ ಡಿಸೆಂಬರ್ ರಾತ್ರಿ 9ಕ್ಕೆ ಪೂರ್ವಕ್ಕೆ ಮುಖ ಮಾಡಿ ತಲೆ ಎತ್ತಬೇಕು. ಪಕ್ಕದಲ್ಲೇ ಗೊಂಚಲಿನಂತೆ ಕೃತ್ತಿಕೆ, ಕೆಳಗೆ ಮೃಗಶಿರ, ಆರ್ದ್ರಾ. ಹೊಸಬರು ಮೊದಲ ಫೋಟೊ ಇದನ್ನೇ ತೆಗೆಯೋದು ವಾಸಿ. ಎಲ್ಲ ಪ್ರಕಾಶಮಾನ ನಕ್ಷತ್ರಗಳು, ಕೃತ್ತಿಕೆ ಗೊಂಚಲು 10 ಸೆಕೆಂಡಿನ ಫೋಟೊದಲ್ಲೇ ಬಂದುಬಿಡುತ್ತೆ. ಡಿಸೆಂಬರ್ 13-14ರ ರಾತ್ರಿ ಜೆಮಿನಿಡ್ ಉಲ್ಕೆಗಳೂ ಬೀಳುತ್ತವೆ. ಯಾವ ಹೊತ್ತಲ್ಲಿ ಯಾವುದು ಎಲ್ಲಿ ಅಂತ ತಿಳಿಯೋಕೆ ಸ್ಟೆಲೇರಿಯಂ ಆ್ಯಪ್ ಉಚಿತವಾಗಿ ಸಿಗುತ್ತೆ.

ಹಾರ್ಡ್‌ವೇರ್ ಅಂಗಡಿಯ ಟ್ರ್ಯಾಕರ್

ಒಂದು ಫೋಟೊ ಮಂಕಾಗಿ, ಕಾಳು ಕಾಳಾಗಿ ಬರುತ್ತೆ. ಬೇಜಾರಾಗಬೇಡಿ, ಇನ್‌ಸ್ಟಾಗ್ರಾಂನಲ್ಲಿ ಕಾಣುವ ಬಹುಪಾಲು ಹಾಲುಹಾದಿ ಚಿತ್ರಗಳು ಒಂದೇ ಫೋಟೊ ಅಲ್ಲ. ಒಂದೇ ಜಾಗದಿಂದ 16 ಫೋಟೊ ತೆಗೆದು ಸಾಫ್ಟ್‌ವೇರ್‌ನಲ್ಲಿ ಜೋಡಿಸಿದರೆ ಆ ಕಾಳು ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತೆ. ಸೀಕ್ವೇಟರ್, ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಮೂರೂ ಉಚಿತ, ಕಂಪ್ಯೂಟರ್ ಮಾತ್ರ ಬೇಕು.

ಇನ್ನೊಂದು ದಾರಿ ಇದೆ, ಅದು ಬಡಗಿ ಕೆಲಸ. ಆಕಾಶ ಸರಿಯುವ ವೇಗದಲ್ಲೇ ಮೊಬೈಲನ್ನೂ ತಿರುಗಿಸೋದು. ಇದಕ್ಕೆ ಮಾಡಿದ ಮೋಟಾರ್ ಯಂತ್ರಗಳಿಗೆ ಹತ್ತಾರು ಸಾವಿರ ರೂಪಾಯಿ ಆಗುತ್ತೆ. ಸ್ಕಾಟ್ಲೆಂಡಿನ ಜಾರ್ಜ್ ಹೇಗ್ 1975ರಲ್ಲಿ ಎರಡು ಹಲಗೆ, ಒಂದು ಹಿಂಜಸ್, ಒಂದು ಬೋಲ್ಟ್‌ನಲ್ಲಿ ಅದೇ ಕೆಲಸ ಮಾಡಿ ತೋರಿಸಿದ. ಎರಡು ಹಲಗೆಯನ್ನು ಪುಸ್ತಕದಂತೆ ತೆರೆಯುವ ಹಾಗೆ ಒಂದು ಬದಿಗೆ ಬಾಗಿಲ ಹಿಂಜಸ್ ಹಾಕಬೇಕು. ಹಿಂಜಸ್ಸಿನ ಪಿನ್ನಿನಿಂದ ಸರಿಯಾಗಿ 22.9 ಸೆಂಟಿಮೀಟರ್ ದೂರದಲ್ಲಿ ಕೆಳ ಹಲಗೆಗೆ ತೂತು ಕೊರೆದು ನಟ್ ಕೂರಿಸಿ, 6 ಎಂಎಂ ಬೋಲ್ಟನ್ನು ಕೆಳಗಿನಿಂದ ತಿರುಗಿಸಬೇಕು. ಆ ಬೋಲ್ಟಿನ ಒಂದು ಸುತ್ತಿಗೆ ಹಲಗೆ 1 ಎಂಎಂ ಮೇಲೇಳುತ್ತೆ. ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ ಆಕಾಶದ ವೇಗದಲ್ಲೇ ತೆರೆದುಕೊಳ್ಳುತ್ತೆ. 22.9 ಅನ್ನೋ ವಿಚಿತ್ರ ಸಂಖ್ಯೆ ಬಂದಿರೋದು ಈ 1 ಎಂಎಂ ಲೆಕ್ಕದಿಂದ. ಬೇರೆ ಅಳತೆಯ ಬೋಲ್ಟ್ ಹಾಕಿದರೆ ದೂರವೂ ಬದಲಾಗಬೇಕು.

ನಿಲ್ಲಿಸುವ ರೀತಿ ಮುಖ್ಯ. ಉತ್ತರಕ್ಕೆ ಮುಖ ಮಾಡಿದಾಗ ಹಿಂಜಸ್ ಎಡಗಡೆ ಇರಬೇಕು, ಅದರ ಪಿನ್ನು ನೇರ ಧ್ರುವ ನಕ್ಷತ್ರದ ಕಡೆ ನೋಡಬೇಕು. ಚಳ್ಳಕೆರೆ ಇರೋದು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ, ಆದ್ದರಿಂದ ಇಲ್ಲಿ ಧ್ರುವ ಕಾಣೋದೂ ನೆಲದಿಂದ 14 ಡಿಗ್ರಿ ಎತ್ತರದಲ್ಲೇ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ 10 ಡಿಗ್ರಿ, ಅಂದರೆ ಒಂದೂವರೆ ಮುಷ್ಟಿ. ಎದುರಿಗೆ ಗುಡ್ಡವಿದ್ದರೆ ಮರೆಯಾಗಿಬಿಡುತ್ತೆ. ಇಷ್ಟು ಸರಿ ಹೊಂದಿದರೆ 15 ಸೆಕೆಂಡಿನ ಬದಲು ಒಂದೆರಡು ನಿಮಿಷ ತೆರೆದಿಟ್ಟರೂ ಚುಕ್ಕಿ ಚುಕ್ಕಿಯಾಗೇ ಇರುತ್ತೆ. ಅಷ್ಟು ಹೊತ್ತು ಶಟರ್ ತೆರೆಯುವ ಫೋನ್ ಇರಬೇಕು, ಅಥವಾ ಹಳೇ ಡಿಎಸ್‌ಎಲ್‌ಆರ್.

ಆ ಹಳೇ ಕ್ಯಾಮೆರಾ ಎಲ್ಲೂ ಹುಡುಕಬೇಕಿಲ್ಲ. ಮದುವೆ ಫೋಟೊ ತೆಗೆಯುವ ಸ್ಟುಡಿಯೊದವರು ಮಿರರ್‌ಲೆಸ್‌ಗೆ ಬದಲಾದ ಮೇಲೆ ಹಿಂದಿನ ಕ್ಯಾಮೆರಾಗಳು ಬೀರುವಿನಲ್ಲಿ ಕೂತಿರುತ್ತವೆ. ಕೇಳಿದರೆ ಕಡಿಮೆಗೆ ಕೊಡಬಹುದು. ಜೊತೆಗೆ ಬರುವ 18 ಎಂಎಂ ಲೆನ್ಸೇ ಶುರುವಿಗೆ ಸಾಕು.

ದುಡ್ಡು ಹಾಕಬಾರದ ಒಂದು ವಸ್ತು ಇದೆ. ಆನ್‌ಲೈನಲ್ಲಿ ‘500 ಪಟ್ಟು ದೊಡ್ಡದಾಗಿ ಕಾಣುತ್ತೆ’ ಅಂತ ಎರಡು ಮೂರು ಸಾವಿರಕ್ಕೆ ಮಾರುವ ಟೆಲಿಸ್ಕೋಪ್. ಮುಂದಿನ ಗಾಜು ಎಷ್ಟು ಎಂಎಂ ಅಗಲ ಇದೆಯೋ ಅದರ ಎರಡು ಪಟ್ಟಿಗಿಂತ ಹೆಚ್ಚು ದೊಡ್ಡದು ಮಾಡಿದರೆ ಚಿತ್ರ ಮಸುಕಾಗುತ್ತೆ. 50 ಎಂಎಂ ಗಾಜಿಗೆ 100 ಪಟ್ಟೇ ಮಿತಿ. ಮಕ್ಕಳಿಗೆ ಅಂತ ಕೊಡಿಸೋದಾದರೆ ಅದೇ ದುಡ್ಡಿಗೆ ಬೈನಾಕ್ಯುಲರ್ ವಾಸಿ. ಅದರ ಕಣ್ಣಿಗೆ ಮೊಬೈಲ್ ಹಿಡಿದು, ಪರದೆಯಲ್ಲಿ ಚಂದ್ರನನ್ನು ಮುಟ್ಟಿ, ಬೆಳಕು ಇಳಿಸಿದರೆ ಚಂದ್ರನ ದೊಡ್ಡ ಕುಳಿಗಳು ಕಾಣುತ್ತವೆ. ಸೂರ್ಯನ ಕಡೆ ಮಾತ್ರ ಅದನ್ನು ಹಿಡಿಯಲೇಬೇಡಿ, ಕಣ್ಣು ಹೋಗುತ್ತೆ.

ಎಲ್ಲಿಗೆ ಹೋಗೋದು?

ಪೇಟೆಯ ಬೆಳಕು ಬೆನ್ನ ಹಿಂದೆ ಇರುವ ಹಾಗೆ ಜಾಗ ಆರಿಸಿ. ಹಾಲುಹಾದಿ ಬೇಕಿದ್ದರೆ ಊರಿನಿಂದ ದಕ್ಷಿಣಕ್ಕೆ ಹೋಗೋದು ಲೇಸು, ಆಗ ದಕ್ಷಿಣದ ಆಕಾಶ ಕಪ್ಪಾಗಿ ಉಳಿಯುತ್ತೆ. ಗುರುತಿನವರ ಹೊಲವೇ ಆಗಲಿ, ಹೇಳಿಯೇ ಹೋಗಿ. ರಾತ್ರಿ ಮೋಟಾರ್ ಹಾಕಲು ಬಂದ ರೈತ ಕತ್ತಲಲ್ಲಿ ನಿಂತ ಅಪರಿಚಿತನನ್ನು ಕಂಡರೆ ಕಳ್ಳ ಅಂದುಕೊಳ್ಳೋದು ಸಹಜ. ಬೇಲಿ ಹಾಕಿದ ಕಾವಲಿನ ಕಡೆ, ಸಂಶೋಧನಾ ಸಂಸ್ಥೆಗಳ ಗೋಡೆ ಪಕ್ಕ ನಿಲ್ಲಬೇಡಿ. ಕಲ್ಲುಗುಡ್ಡದ ಸೀಮೆಯಲ್ಲಿ ಕರಡಿ ಓಡಾಟ ಇರುತ್ತೆ, ಮೊಳಕಾಲ್ಮೂರು ಕಡೆಯವರಿಗೆ ಹೇಳಬೇಕಾಗಿಲ್ಲ. ಇಬ್ಬರು ಮೂವರು ಕೂಡಿ ಹೋಗಿ. ಟಾರ್ಚಿಗೆ ಕೆಂಪು ಗಾಜಿನ ಪೇಪರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಬಿಳಿ ಬೆಳಕು ಕಣ್ಣಿಗೆ ಬಿದ್ದರೆ ಮತ್ತೆ ಕತ್ತಲಿಗೆ ಹೊಂದಿಕೊಳ್ಳೋಕೆ 20-30 ನಿಮಿಷ ಬೇಕು.

ಈ ಅರ್ಧ ಗಂಟೆಯ ದಾರಿ ಮುಂದೆಯೂ ಅರ್ಧ ಗಂಟೆಯೇ ಇರುತ್ತೆ ಅಂತೇನಿಲ್ಲ. ಹಳದಿ ಸೋಡಿಯಂ ದೀಪ ಇದ್ದ ಕಡೆ ಬಿಳಿ ಎಲ್‌ಇಡಿ ಬಂದಿದೆ. ಅದರಲ್ಲಿರುವ ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರಿ ಆಕಾಶವನ್ನೇ ಬೆಳ್ಳಗೆ ಮಾಡುತ್ತೆ. ಲಡಾಖ್‌ನ ಹಾನ್ಲೆಯಲ್ಲಿ ಇದನ್ನು ತಡೆಯೋಕೇ 2022ರಲ್ಲಿ ಸರ್ಕಾರ ಕತ್ತಲ ಆಕಾಶ ಮೀಸಲು ಪ್ರದೇಶ ಘೋಷಿಸಿತು. ಅಲ್ಲಿ ದೀಪಗಳಿಗೆ ಮರೆ ಹಾಕಿ ಬೆಳಕು ನೆಲಕ್ಕಷ್ಟೇ ಬೀಳುವ ಹಾಗೆ ಮಾಡುತ್ತಾರೆ. ಪೇಟೆಯಲ್ಲಿ ಕಳ್ಳರ ಭಯಕ್ಕೆ ರಾತ್ರಿಯಿಡೀ ದೀಪ ಹಾಕುವ ಅಂಗಡಿಯವರದ್ದು ನ್ಯಾಯವಾದ ಭಯವೇ. ಆದರೆ ಬೋರ್ಡಿನ ಮೇಲೆ ಆಕಾಶಕ್ಕೆ ಮುಖ ಮಾಡಿದ ಫೋಕಸ್ ಲೈಟ್ ಶಟರ್ ಬೀಗವನ್ನೇನೂ ಕಾಯಲ್ಲ. ತಗಡಿನ ಒಂದು ಮರೆ ಹಾಕಿ ಕೆಳಗೆ ತಿರುಗಿಸಿದರೆ ಬಾಗಿಲ ಮುಂದೆ ಬೆಳಕು ಹೆಚ್ಚೇ ಬೀಳುತ್ತೆ, ಕಡಿಮೆ ವ್ಯಾಟಿನ ಬಲ್ಬ್ ಹಾಕಿದರೂ ನಡೆಯುತ್ತೆ.