ನಿಮಗಿದು ಗೊತ್ತೇ? ಮೈಕಿನ ಮುಂದೆ ಸಿಳ್ಳೆ ಹಾಕುವ ‘ಸ’

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಈ ಮೂರು ಹೆಸರನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ‘ಕೊಪ್ಪ’ದ ಪ್ಪ ಮೈಕಿಗೆ ಗಾಳಿ ಗುದ್ದುತ್ತದೆ. ‘ಶೃಂಗೇರಿ’ಯ ಶ ಸುಯ್ಯೆನ್ನುತ್ತದೆ. ‘ನರಸಿಂಹ’ದ ಸ ಕಿವಿ ಚುಚ್ಚುತ್ತದೆ. ಊರವರು ದಿನವೂ ಹೇಳುವ ‘ಎನ್.ಆರ್. ಪುರ’ದಲ್ಲಿ ಸಕಾರದ ಕಾಟವೇ ಇಲ್ಲ. ಹಳೆಯ ಹೆಸರು ಎಡೆಹಳ್ಳಿಯಲ್ಲೂ ಇರಲಿಲ್ಲ!

ಶ, ಷ, ಸ, ಹ ಅಕ್ಷರಗಳಿಗೆ ವ್ಯಾಕರಣದಲ್ಲಿ ‘ಊಷ್ಮ’ ಎಂದು ಹೆಸರು. ಊಷ್ಮ ಎಂದರೆ ಬಿಸಿ, ಬಿಸಿಯುಸಿರು. 13ನೇ ಶತಮಾನದ ಕೇಶಿರಾಜ ಅಚ್ಚಗನ್ನಡದ ಲೆಕ್ಕದಲ್ಲಿ ಶ, ಷ ಎರಡನ್ನೂ ಬಿಟ್ಟು ಸ ಒಂದನ್ನೇ ಉಳಿಸಿಕೊಂಡ. ಶೃಂಗಾರ ನಮ್ಮ ಬಾಯಲ್ಲಿ ಸಿಂಗಾರವಾದದ್ದು ಹಾಗೆಯೇ.

ಶ, ಷ, ಸ ಮೂರರಲ್ಲಿ ಸ ತೀರಾ ಚೂಪು. ಅದರ ಬಲವೆಲ್ಲ ಹೆಚ್ಚುಕಡಿಮೆ 5ರಿಂದ 9 ಸಾವಿರ ಹರ್ಟ್ಸ್ ನಡುವೆ. ಶ ಅದಕ್ಕಿಂತ ಕೆಳಗೆ. ಭದ್ರಾವತಿ ಆಕಾಶವಾಣಿಯನ್ನು ಮಧ್ಯಮ ತರಂಗದಲ್ಲಿ ಕೇಳುತ್ತಿದ್ದ ಕಾಲದಲ್ಲಿ ಈ ಚುಚ್ಚು ಅಷ್ಟಾಗಿ ತಟ್ಟುತ್ತಿರಲಿಲ್ಲ. ಮನೆಯ ಸಾಮಾನ್ಯ ರೇಡಿಯೊ ಸುಮಾರು 5 ಸಾವಿರಕ್ಕಿಂತ ಮೇಲಿನ ಸದ್ದನ್ನು ಹೆಚ್ಚೇನೂ ಕೊಡುತ್ತಿರಲಿಲ್ಲ.

ಸ ಎನ್ನುವಾಗ ಉಸಿರು ಹಲ್ಲಿಗೆ ತಾಗಿ ನೆಟ್ಟಗೆ ಮುಂದಕ್ಕೆ ಚಿಮ್ಮುತ್ತದೆ. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ಹೇಳಿ ನೋಡಿ, ತಣ್ಣನೆಯ ಗೆರೆಯೊಂದು ತಾಗುತ್ತದೆ. ಆ ಗೆರೆಯಿಂದ ಮೈಕನ್ನು ಪಕ್ಕಕ್ಕೆ ಸರಿಸುವುದೇ ಮೊದಲ ಮದ್ದು: ಒಂದು ಗೇಣು ದೂರ, ಗಲ್ಲದ ಮಟ್ಟ, ಸ್ವಲ್ಪ ಓರೆ. ನನ್ನ ಮಟ್ಟಿಗೆ ಅರ್ಧ ಕೆಲಸ ಇಲ್ಲಿಗೇ ಮುಗಿಯಿತು. ಮೈಕಿನ ಮುಂದೆ ಕಟ್ಟುವ ಬಲೆ ‘ಕೊಪ್ಪ’ದ ಗಾಳಿಯನ್ನು ತಡೆದೀತು, ‘ಸ’ವನ್ನು ಅಷ್ಟಾಗಿ ತಡೆಯದು.

ಟೈಲ್ಸ್ ಹಾಕಿದ ಖಾಲಿ ಕೋಣೆ ಸಿಳ್ಳೆಯನ್ನು ಇನ್ನಷ್ಟು ಎತ್ತಿ ಕೊಡುತ್ತದೆ. ಸುತ್ತ ಎರಡು ಕಂಬಳಿ ಇಳಿಬಿಟ್ಟರೆ ತಗ್ಗುತ್ತದೆ.

ಹೊಸದಾಗಿ ಹಲ್ಲು ಕಟ್ಟಿಸಿಕೊಂಡವರ ಸಕಾರ ಕೆಲವು ದಿನ ಸಿಳ್ಳೆ ಹಾಕುವುದುಂಟು. ಅಜ್ಜನ ಮಾತು ದಾಖಲಿಸುವ ಆಸೆಯಿದ್ದರೆ ಅಷ್ಟು ದಿನ ತಾಳಿ.

ಮಳೆಗಾಲದಲ್ಲಿ ಇಲ್ಲಿ ಇನ್ನೊಂದು ತೊಡಕು. ಹಂಚಿನ ಮೇಲಿನ ಮಳೆಯ ಸದ್ದೂ ಸಕಾರವೂ ಒಂದೇ ಜಾತಿಯವು. ಮಳೆಸದ್ದು ಅಳಿಸಲು ಹೊರಟ ತಂತ್ರಾಂಶ ‘ಸ’ವನ್ನೂ ಕಚ್ಚಿಬಿಡುತ್ತದೆ. ಮಳೆ ಬಿಡುವವರೆಗೆ ಕಾಯುವುದೇ ಮೇಲು.

‘ಡಿ-ಎಸ್ಸರ್’ ಎಂಬ ಸಾಧನ ಸಕಾರ ಬಂದ ಕ್ಷಣದಲ್ಲಿ ಮಾತ್ರ ಅದನ್ನು ತಗ್ಗಿಸುತ್ತದೆ. 3ರಿಂದ 6 ಡೆಸಿಬಲ್ ಸಾಕು. ಅತಿಯಾದರೆ ‘ಸೊಸೆ’ ‘ಥೊಥೆ’ಯಾಗುತ್ತಾಳೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಮೇಲಿನ ಸದ್ದುಗಳನ್ನೇ. ಹಾಗಾಗಿ ಕೊನೆಗೊಮ್ಮೆ ಮನೆಯ ಮಕ್ಕಳಿಗೆ ಕೇಳಿಸಿ.

ತಿದ್ದುವ ಮೊದಲು ಮೂಲ ರೆಕಾರ್ಡಿಂಗಿನ ಒಂದು ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ. ಒಮ್ಮೆ ಕತ್ತರಿಸಿದ ‘ಸ’ ಮತ್ತೆ ಸಿಗುವುದಿಲ್ಲ.