ಮಳೆ ಒಯ್ದದ್ದನ್ನು ಮುರಕಲ್ಲಿಗೆ ಮರಳಿಸಿದರೆ

ಕಾಸರಗೋಡಿನ ನಾಯ್ಮಾರ್ಮೂಲೆಯ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುವಾಗ ಗುಡ್ಡ ಕಡಿದಲ್ಲೆಲ್ಲ ಕೆಂಪಗೆ ತೋರಿದ್ದು ಮುರಕಲ್ಲು (ಲ್ಯಾಟರೈಟ್). ಅದರ ಮಗ್ಗುಲಲ್ಲೇ ಬೂದುಬಣ್ಣದ ಕಾಂಕ್ರೀಟು ಎದ್ದಿತು. ಈ ಎರಡರ ಹುಟ್ಟನ್ನೂ ಜೊತೆಗಿಟ್ಟು ನೋಡಬೇಕು. ಸಿಮೆಂಟಿಗಾಗಿ ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಡುತ್ತಾರೆ. ಆಗ ಸಿಮೆಂಟಾಗಿ ಪುಡಿಯಾಗುವ ಒಂದು ಟನ್ ಕ್ಲಿಂಕರಿಗೆ ಹೆಚ್ಚುಕಡಿಮೆ ಅರ್ಧ ಟನ್ ಕಾರ್ಬನ್ ಡೈಆಕ್ಸೈಡ್ ಕಲ್ಲಿನ ಒಡಲಿನಿಂದಲೇ ಹೊರಬೀಳುತ್ತದೆ. ಗೂಡು ಕಾಯಿಸುವ ಕಲ್ಲಿದ್ದಲಿನ ಹೊಗೆ ಅದರ ಜೊತೆಗೆ ಸೇರುತ್ತದೆ. ಗೂಡನ್ನು ಬಿಸಿಲಿನ ಶಕ್ತಿಯಿಂದಲೇ ಕಾಯಿಸಿದರೂ ಕಲ್ಲಿನೊಳಗಿನ ಅನಿಲ ಮಾತ್ರ ತಪ್ಪುವುದಿಲ್ಲ. ಮನುಷ್ಯರು ಹೊರಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಶೇಕಡಾ 7–8ರಷ್ಟು ಸಿಮೆಂಟಿನ ಲೆಕ್ಕಕ್ಕೆ ಬರುವುದು ಕಲ್ಲಿನ ಅನಿಲ, ಇಂಧನದ ಹೊಗೆ ಎರಡೂ ಸೇರಿ. ಮುರಕಲ್ಲಿನ ಕಥೆ ಬೇರೆ. ಲಕ್ಷಾಂತರ ವರ್ಷಗಳ ಮಳೆ ಮೂಲ ಬಂಡೆಯಿಂದ ಸೋಡಿಯಂ, ಸುಣ್ಣ ಮತ್ತು ಬಹುಪಾಲು ಸಿಲಿಕಾವನ್ನು ತೊಳೆದೊಯ್ದು, ಕಬ್ಬಿಣವನ್ನೂ ಅಲ್ಯೂಮಿನಿಯಂ ತುಂಬಿದ ಜೇಡಿಯನ್ನೂ ಉಳಿಸಿದ್ದರಿಂದ ಅದು ಹುಟ್ಟಿತು.

ಜಿಯೋಪಾಲಿಮರ್ ಎಂಬ ಬಂಧಕದ ವಿದ್ಯೆಯಲ್ಲಿ ನನ್ನನ್ನು ಬೆರಗುಗೊಳಿಸುವುದು ಇದೇ: ಮಳೆ ಕೊಂಡೊಯ್ದದ್ದನ್ನೇ ಅದು ಹಿಂದಕ್ಕೆ ಕೊಡುತ್ತದೆ. ಮುರಕಲ್ಲಿನ ಪುಡಿಯನ್ನು 600–700 ಡಿಗ್ರಿಗೆ ಕಾಯಿಸಿದರೆ ಒಳಗಿನ ಜೇಡಿಯಲ್ಲಿ ಸೆರೆಯಾದ ನೀರು ಹೋಗಿ, ಸುಮ್ಮನಿದ್ದ ಅಲ್ಯೂಮಿನಿಯಂ, ಸಿಲಿಕಾನ್‌ಗಳು ಚುರುಕಾಗುತ್ತವೆ. ಅದಕ್ಕೆ ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಿಲಿಕೇಟಿನ ದ್ರಾವಣ ಸೇರಿಸಿದರೆ ಪುಡಿ ಕರಗಿ, ಮತ್ತೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಸುಣ್ಣದಕಲ್ಲನ್ನು ಸುಡುವ ಮಾತೇ ಇಲ್ಲ. ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿ, ಉಕ್ಕಿನ ಕಾರ್ಖಾನೆಯ ಕಿಟ್ಟ ಇವುಗಳಿಂದಲೂ ಇದನ್ನು ಮಾಡಬಹುದು. ಕೀವ್ ನಗರದ ಗ್ಲುಖೋವ್ಸ್ಕಿ 1950ರ ದಶಕದಲ್ಲಿ ಇಂಥ ಬಂಧಕಗಳನ್ನು ರೂಪಿಸಿದರು. ಫ್ರಾನ್ಸಿನ ಜೋಸೆಫ್ ಡೇವಿಡೊವಿಟ್ಸ್ 1970ರ ದಶಕದಲ್ಲಿ ಈಗಿನ ಹೆಸರಿಟ್ಟರು. ಇದು ಪ್ರಯೋಗಾಲಯದಲ್ಲೇ ಉಳಿದ ಕುತೂಹಲವೂ ಅಲ್ಲ. 2014ರಲ್ಲಿ ತೆರೆದ ಆಸ್ಟ್ರೇಲಿಯಾದ ಟೂವೂಂಬಾ ವಿಮಾನ ನಿಲ್ದಾಣಕ್ಕೆ ಈ ಬಗೆಯ ಕಾಂಕ್ರೀಟನ್ನು ಸುಮಾರು 40,000 ಘನ ಮೀಟರ್ ಬಳಸಿದ್ದಾರೆ.

ಆದರೆ ಇದನ್ನು ಬರೇ ಸಿಮೆಂಟಿನ ಬದಲಿ ಎಂದು ಹೊಗಳಿದರೆ ಅದರ ದೊಡ್ಡ ಗುಣವೇ ಮರೆಯಾಗುತ್ತದೆ. ಈ ಹೆಣಿಗೆಯಲ್ಲಿ ಸಿಲಿಕಾನ್ ಇರಬೇಕಾದ ಕೆಲವು ಕಡೆ ಅಲ್ಯೂಮಿನಿಯಂ ಕೂತಿರುತ್ತದೆ. ಅದರ ಧನ ಆವೇಶ ಸಿಲಿಕಾನಿಗಿಂತ ಒಂದು ಕಡಿಮೆ. ಹಾಗಾಗಿ ಅಲ್ಲಿ ಋಣ ಆವೇಶ ಉಳಿಯುತ್ತದೆ. ಹಟ್ಟಿಯಲ್ಲಿ ನೆಟ್ಟ ಗೂಟಗಳಂತೆ ಈ ಆವೇಶಗಳು ಸೋಡಿಯಂ ಅಯಾನುಗಳನ್ನು ಕಟ್ಟಿಹಾಕಿರುತ್ತವೆ. ಸೀಸ, ಸೀಸಿಯಂನಂಥ ಧನ ಅಯಾನು ಬಂದರೆ ಸೋಡಿಯಂ ಬಿಟ್ಟ ಗೂಟಕ್ಕೆ ಅದು ಬೀಳುತ್ತದೆ. ಗೂಟಕ್ಕೆ ಸಿಗದ ಸೀಸ ಕರಗದ ಲವಣವಾಗಿ ಸಂದುಗಳಲ್ಲಿ ಹೂತುಹೋಗುತ್ತದೆ. ಸ್ಲೊವಾಕಿಯಾ, ಚೆಕ್ ದೇಶಗಳಲ್ಲಿ ಅಣುಸ್ಥಾವರದ ವಿಕಿರಣಶೀಲ ಕೆಸರನ್ನು ಹೀಗೆಯೇ ಗಟ್ಟಿಗೊಳಿಸುತ್ತಾರೆ. ಎಂಡೋಸಲ್ಫಾನ್ ಕೀಟನಾಶಕದ ನೋವುಂಡ ಕಾಸರಗೋಡಿನವರು ಒಂದು ವ್ಯತ್ಯಾಸ ಗಮನಿಸಬೇಕು. ಎಂಡೋಸಲ್ಫಾನ್ ಒಂದು ಅಣು; ಅದನ್ನು ಒಡೆದು ಇಲ್ಲವಾಗಿಸುವ ದಾರಿ ಉಂಟು. ಸೀಸ ಮೂಲವಸ್ತು, ಸುಟ್ಟರೂ ಹೂತರೂ ಅದು ಸೀಸವೇ. ನಾಶಮಾಡಲು ಆಗದ್ದನ್ನು ಕಟ್ಟಿಹಾಕಲೇಬೇಕು.

ಇಲ್ಲೇ ಒಂದು ತಪ್ಪು ನಂಬಿಕೆ ಹಬ್ಬಿದೆ: ಯಾವ ವಿಷವನ್ನು ಸುರಿದರೂ ಜಿಯೋಪಾಲಿಮರ್ ನುಂಗಿಕೊಳ್ಳುತ್ತದೆ ಎಂದು. ಇದು ವಿಜ್ಞಾನವಲ್ಲ, ಹೊಸ ವೇಷದ ಮೂಢನಂಬಿಕೆ. ಬೆಂಗಳೂರಿನ ಪೀಣ್ಯದಲ್ಲಿ ಲೋಹಲೇಪನದ ಘಟಕಗಳಿಂದ ಅಂತರ್ಜಲ ಸೇರಿದ ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಇರುವುದು ಋಣ ಅಯಾನಾಗಿ, ಕ್ರೋಮೇಟ್ ರೂಪದಲ್ಲಿ. ಋಣ ಆವೇಶದ ಗೂಟ ಅದನ್ನು ಹಿಡಿಯುವುದಿರಲಿ, ದೂರ ತಳ್ಳುತ್ತದೆ. ಆರ್ಸೆನಿಕ್ಕಿನ ಪಾಡೂ ಬಹುಮಟ್ಟಿಗೆ ಅದೇ. ಕ್ರೋಮಿಯಂ ಆದರೆ ಫೆರಸ್ ಸಲ್ಫೇಟಿನಂಥ ಅಪಕರ್ಷಕ ಸೇರಿಸಿ ಮೊದಲು ಮೂರು ವೇಲೆನ್ಸಿಗೆ ಇಳಿಸಬೇಕು. ಅಷ್ಟಾದ ಮೇಲೆ ಅದು ಸೆರೆಗೆ ಒಗ್ಗುತ್ತದೆ. ಹೀಗಾಗಿ ಕಟ್ಟುವ ಮೊದಲು ಯಾವ ಲೋಹ, ಯಾವ ರೂಪದಲ್ಲಿ ಎಂದು ಕೇಳದೆ ಮಾತಾಡುವುದು ಬೇಜವಾಬ್ದಾರಿ.

ಇನ್ನು ಆಕ್ಷೇಪಗಳು. ಕಾಸ್ಟಿಕ್ ಸೋಡಾ ಮಾಡಲು ಬಹಳ ವಿದ್ಯುತ್ತು ಬೇಕು, ಅದು ಕೆಲಸಗಾರರ ಚರ್ಮ ಸುಡುತ್ತದೆ ಎನ್ನುವುದು ನಿಜ. ಅದಕ್ಕೇ ಇದನ್ನು ಮನೆ ಕಟ್ಟುವ ಅಂಗಳದಲ್ಲಿ ಕಲಸುವುದಕ್ಕಿಂತ ಕಾರ್ಖಾನೆಯಲ್ಲಿ ಅಚ್ಚು ಹಾಕುವುದು ಮೇಲು. ಭಾರತೀಯ ಮಾನಕ ಐಎಸ್ 17452 (2020) ಮಾರ್ಗಸೂಚಿ ಕೊಟ್ಟಿರುವುದೂ ಅಚ್ಚಿನ ಉತ್ಪನ್ನಗಳಿಗೇ. ಹಾರುಬೂದಿ ಈಗಾಗಲೇ ಪೊಝೊಲಾನಾ ಸಿಮೆಂಟಿಗೆ ಶೇಕಡಾ 15ರಿಂದ 35ರವರೆಗೆ ಸೇರುತ್ತಿರುವಾಗ ಹೊಸ ಬಂಧಕಕ್ಕೆ ಬೂದಿ ಎಲ್ಲಿಂದ ಎನ್ನುವ ಪ್ರಶ್ನೆಯೂ ನ್ಯಾಯವಾದದ್ದು. ಕರಾವಳಿಯ ಮಟ್ಟಿಗೆ ಕೋರೆಗಳಲ್ಲಿ ಬಿದ್ದ ಮುರಕಲ್ಲಿನ ಪುಡಿ ಅದಕ್ಕೆ ಒಂದು ಉತ್ತರವಾದೀತು. ಆದರೆ ಪುಡಿಗಾಗಿ ಹೊಸ ಗುಡ್ಡ ಕಡಿದರೆ ಲಾಭವೆಲ್ಲ ನಷ್ಟಕ್ಕೆ ಸಮ. ಈ ಮಿತಿಗಳನ್ನೆಲ್ಲ ಒಪ್ಪಿಕೊಂಡರೆ ಒಂದು ತೀರ್ಮಾನ ಸ್ಪಷ್ಟ: ಸಿಮೆಂಟು ಬೇಕಾದಲ್ಲೆಲ್ಲ ಜಿಯೋಪಾಲಿಮರ್ ಇಳಿಸುವ ಅವಸರ ಬೇಡ. ಲೋಹದ ಕೆಸರು ರಾಶಿಬಿದ್ದು ಅದಕ್ಕೆ ಬೇರೆ ಗತಿಯಿಲ್ಲದಲ್ಲಿ ಮೊದಲು ಅದನ್ನು ಬಳಸಬೇಕು. ಹಾಗೆ ಕಟ್ಟಿದ ಗಟ್ಟಿಯನ್ನು ಪ್ರಯೋಗಾಲಯದ 18 ಗಂಟೆಗಳ ಸೋರಿಕೆ ಪರೀಕ್ಷೆ ಪಾಸಾಯಿತೆಂದು ಮರೆತುಬಿಡದೆ, ಕರಾವಳಿಯ ಮಳೆಗಾಲಗಳಲ್ಲಿ ವರ್ಷಗಟ್ಟಲೆ ನೆನೆಸಿ, ಅದರಿಂದ ಹೊರಬಂದ ನೀರನ್ನು ಅಳೆದು, ಲೆಕ್ಕವನ್ನು ಜನರ ಮುಂದಿಡಬೇಕು.