ಮಂಚದ ಪಕ್ಕದ ಪುಟ್ಟ ಬಾಟಲಿ

ನಮ್ಮ ಮಂಡ್ಯ ಸೀಮೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಅರ್ಧ ಊರೇ ನೋಡಲು ಹೊರಡುತ್ತದೆ. ದೊಡ್ಡವ್ವ ಸೊಂಟ ಮುರಿದುಕೊಂಡು ಮಲಗಿದ್ದಾಗ ಮಳವಳ್ಳಿ ಕಡೆಯವರು ಎಳನೀರು ತಂದರು, ಮದ್ದೂರಿನವರು ವಡೆ ತಂದರು. ಬಂದವರೆಲ್ಲ ಅವಳ ತಲೆ ಸವರಿ, ಪಕ್ಕದ ಮಂಚದ ಅಜ್ಜನ ಕೈಯನ್ನೂ ಹಿಡಿದು ಮಾತಾಡಿಸಿ ಹೋದರು. ಗೋಡೆಯಲ್ಲಿದ್ದ ಸ್ಯಾನಿಟೈಸರ್ ಬಾಟಲಿಯನ್ನು ಒತ್ತಿದ್ದು ನನ್ನ ಏಳು ವರ್ಷದ ಮಗಳೊಬ್ಬಳೇ. “ಅಪ್ಪಾ, ಇದನ್ನ ಇಲ್ಲಿ ಯಾಕಿಟ್ಟವ್ರೆ?” ಎಂದಳು.

ಅವಳಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ.

ಒಂದು ಕಾಯಿಲೆಗೆಂದು ಆಸ್ಪತ್ರೆಗೆ ಹೋದವರಿಗೆ ಅಲ್ಲೇ ಇನ್ನೊಂದು ಸೋಂಕು ಅಂಟುವುದುಂಟು. ಗಾಯ, ಮೂತ್ರದ ನಳಿಕೆ, ಉಸಿರಾಟದ ಯಂತ್ರ, ರಕ್ತನಾಳಕ್ಕೆ ಹಾಕಿದ ಸೂಜಿ ಇವೆಲ್ಲ ರೋಗಾಣುಗಳಿಗೆ ಬಾಗಿಲು. ನಮ್ಮ ದೇಶದ ಏಳು ನಗರಗಳ ತೀವ್ರ ನಿಗಾ ಘಟಕಗಳಲ್ಲಿ 2004ರಿಂದ 2007ರವರೆಗೆ ನಡೆದ ಅಧ್ಯಯನದಲ್ಲಿ 10,835 ರೋಗಿಗಳನ್ನು ಗಮನಿಸಿದಾಗ ಇಂಥ 476 ಸೋಂಕುಗಳು ಕಂಡುಬಂದವು. ಈ ರೋಗಾಣುಗಳು ಒಬ್ಬರಿಂದ ಒಬ್ಬರಿಗೆ ಸಾಗುವ ಮುಖ್ಯ ವಾಹನ ಮನುಷ್ಯರ ಕೈ.

ಸ್ವಿಟ್ಜರ್ಲೆಂಡಿನ ಜಿನೀವಾದ ವೈದ್ಯ ದಿದಿಯೇ ಪಿಟೆ 1994ರಲ್ಲಿ ಮಾಡಿದ ಮೊದಲ ಕೆಲಸ ಸುಮ್ಮನೆ ನೋಡುವುದು. ಕೈ ಶುಚಿ ಮಾಡಿಕೊಳ್ಳಲೇಬೇಕಾದ 2,834 ಸಂದರ್ಭಗಳನ್ನು ಅವರ ತಂಡ ಲೆಕ್ಕ ಹಾಕಿತು. ದಾದಿಯರು ನೂರಕ್ಕೆ 52 ಸಲ ಶುಚಿ ಮಾಡಿಕೊಂಡಿದ್ದರು. ವೈದ್ಯರು? ಬರೀ 30 ಸಲ! ಕೆಲಸ ಹೆಚ್ಚಿದಷ್ಟೂ ಕೈತೊಳೆಯುವುದು ಕಡಿಮೆಯಾಗುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈಯುತ್ತಿದ್ದರೇನೋ. ಪಿಟೆ ಲೆಕ್ಕ ಹಾಕಿದರು. ಮಕ್ಕಳೇ, ನೀವೂ ಹಾಕಿ. ತೀವ್ರ ನಿಗಾ ಘಟಕದ ದಾದಿಗೆ ಗಂಟೆಗೆ ಸುಮಾರು 22 ಸಲ ಕೈ ತೊಳೆಯುವ ಪ್ರಸಂಗ ಬರುತ್ತದೆ. ನಲ್ಲಿಯ ತನಕ ನಡೆದು, ಸೋಪು ಹಾಕಿ, ಒರೆಸಿಕೊಂಡು ಬರಲು ಒಂದೂವರೆ ನಿಮಿಷ ಎಂದರೂ 33 ನಿಮಿಷ ಕೈತೊಳೆಯುವುದಕ್ಕೇ ಹೋಯಿತು. ಇನ್ನು ರೋಗಿಯನ್ನು ನೋಡುವುದು ಯಾವಾಗ? ತಪ್ಪು ದಾದಿಯದಲ್ಲ, ನಲ್ಲಿ ದೂರವಿದ್ದದ್ದು. ಅದಕ್ಕೇ ಆಲ್ಕೋಹಾಲ್ ದ್ರಾವಣದ ಬಾಟಲಿಯನ್ನೇ ಮಂಚದ ಪಕ್ಕಕ್ಕೆ ತಂದರು. ಇಪ್ಪತ್ತು ಮೂವತ್ತು ಸೆಕೆಂಡು ಉಜ್ಜಿಕೊಂಡರೆ ಸಾಕು.

ಫಲಿತಾಂಶ 2000ದಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೈಶುಚಿಯ ಪ್ರಮಾಣ ಮೂರು ವರ್ಷದಲ್ಲಿ 48ರಿಂದ 66ಕ್ಕೆ ಏರಿತ್ತು. ಸೋಂಕು ತಗುಲಿದ ರೋಗಿಗಳು ನೂರಕ್ಕೆ 16.9 ಇದ್ದವರು 1998ರ ಹೊತ್ತಿಗೆ 9.9ಕ್ಕೆ ಇಳಿದಿದ್ದರು. ಗೋಡೆಚಿತ್ರ, ತಿಳಿವಳಿಕೆ, ಮೇಲಿಂದ ಮೇಲೆ ಪರಿಶೀಲನೆ ಎಲ್ಲವೂ ಜೊತೆಗಿದ್ದವು. ಬಾಟಲಿಯೊಂದೇ ಇಷ್ಟು ಮಾಡಿತು ಎನ್ನಲಾಗದು.

ನನಗೆ ಇದಕ್ಕಿಂತ ಇಷ್ಟವಾದದ್ದು ಮುಂದಿನ ಕಥೆ. ದ್ರಾವಣದ ಸೂತ್ರಕ್ಕೆ ಪೇಟೆಂಟ್ ಬೇಲಿ ಹಾಕದೆ ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಎಲ್ಲ ದೇಶಗಳಿಗೂ ಕೊಟ್ಟರು. ಎಥನಾಲ್, ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್, ಚರ್ಮ ಒಣಗದಿರಲು ಗ್ಲಿಸರಾಲ್, ಶುದ್ಧ ನೀರು, ಇಷ್ಟೇ. ಆಫ್ರಿಕಾದ ಮಾಲಿ ದೇಶದವರು ಹೊರಗಿನಿಂದ ತರಿಸದೆ ಅಲ್ಲಿನ ಕಬ್ಬಿನಿಂದ ಬಂದ ಆಲ್ಕೋಹಾಲ್‌ನಲ್ಲೇ ಇದನ್ನು ತಯಾರಿಸಿದರು! ಅಲ್ಲಿನ ಆಸ್ಪತ್ರೆಯೊಂದರಲ್ಲಿ ನೂರಕ್ಕೆ 8 ಇದ್ದ ಕೈಶುಚಿ 21.8ಕ್ಕೇರಿತು. ಅಂಕಿ ಸಣ್ಣದು, ಆದರೂ ಎರಡೂವರೆ ಪಟ್ಟಿಗೂ ಹೆಚ್ಚು.

ಕಬ್ಬು ಎಂದರೆ ನಮ್ಮ ಕಿವಿ ನೆಟ್ಟಗಾಗದೆ ಇರುತ್ತದೆಯೇ? ಮಂಡ್ಯದ ಮೈಷುಗರ್ 1933ರದ್ದು. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಸಿ, ಭಟ್ಟಿ ಇಳಿಸಿದರೆ ಎಥನಾಲ್. ಕೊರೊನಾ ಕಾಲದಲ್ಲಿ ದೇಶದ ಎಷ್ಟೋ ಸಕ್ಕರೆ ಕಾರ್ಖಾನೆಗಳು ಸ್ಯಾನಿಟೈಸರ್ ಮಾಡಿದ್ದೂ ಹೀಗೆಯೇ.

ನಮ್ಮ ಕಡೆ ರೋಗಿಗೆ ಗಂಜಿ ಕುಡಿಸುವುದು, ಮಗ್ಗುಲು ತಿರುಗಿಸುವುದು, ಬಟ್ಟೆ ಬದಲಿಸುವುದು ಬಹುಪಾಲು ಮನೆಯವರೇ. ಹಾಗಾಗಿ ಪಿಟೆ ಎಣಿಸಿದ ಕೈಗಳ ಸಾಲಿಗೆ ನಮ್ಮ ಕೈಗಳೂ ಸೇರುತ್ತವೆ. ರೋಗಿಯನ್ನು ಮುಟ್ಟುವ ಮುಂಚೆ ಒಮ್ಮೆ, ಮುಟ್ಟಿದ ಮೇಲೆ ಒಮ್ಮೆ ಉಜ್ಜಿಕೊಳ್ಳಿ. ಪಕ್ಕದ ಮಂಚದವರನ್ನು ದೂರದಿಂದಲೇ ಮಾತಾಡಿಸಿ. ಕೈಗೆ ಮಣ್ಣು, ಜಿಡ್ಡು, ರಕ್ತ ಮೆತ್ತಿದ್ದರೆ ಅಥವಾ ಭೇದಿಯ ರೋಗಿಯನ್ನು ನೋಡಿಕೊಳ್ಳುತ್ತಿದ್ದರೆ ಸೋಪು, ನೀರೇ ಆಗಬೇಕು. ಸೂತ್ರ ಸುಲಭವೆಂದು ಮನೆಯಲ್ಲಿ ಸ್ಪಿರಿಟ್ ಬೆರೆಸಲು ಹೋಗಬೇಡಿ, ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಅಂಗಡಿಯಿಂದ ತಂದ ಬಾಟಲಿಯನ್ನೂ ಒಲೆಯಿಂದ, ಪುಟ್ಟ ಮಕ್ಕಳ ಕೈಯಿಂದ ದೂರ ಇಡಿ.